ಸದರಿ

ತಾಲ್ಲೂಕು ಕಚೇರಿ ಗೇಟಿನ ಎಡಕ್ಕೆ, ಬಣ್ಣ ಹೋದ ಛತ್ರಿಯಡಿ
ಇಪ್ಪತ್ತೆಂಟು ವರ್ಷದಿಂದ ಸಕಲೇಶಪುರದವರ ಹೆಸರು ತಿದ್ದುತ್ತ ಕೂತಿದ್ದೇನೆ.
ಆಧಾರಿನಲ್ಲಿ ಜವರಮ್ಮ, ಪಹಣಿಯಲ್ಲಿ ಜವರಾಯಿ.
ಇಬ್ಬರೂ ಒಬ್ಬಳೇ ಎಂದು ಪ್ರಮಾಣ ಮಾಡಿಸಿ
ಛಾಪಾ ಕಾಗದಕ್ಕೆ ಇಪ್ಪತ್ತು, ನನಗೆ ಐವತ್ತು.

ನನ್ನ ಹೆಸರು ಈರಯ್ಯ ದಿಟ್ಟು.
ದಿಟ್ಟು? ಯಾವ ಕಡೆಯವರು? ಎನ್ನದ ಸಾಹೇಬರು
ಈ ಊರಿಗೆ ವರ್ಗವಾಗಿ ಬಂದದ್ದಿಲ್ಲ.
ಕೇಳಿದ್ದು ಕಡೆಯನ್ನಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.
ಮೇಲಿನ ಕಡೆ ಸಾರ್, ಅನ್ನುತ್ತೇನೆ.

ಸಣ್ಣತಾಯತ್ತೆ ಹೇಳುತ್ತಾಳೆ:
ನಿನ್ನ ಮುತ್ತಜ್ಜ ದಿಟ್ಟ ಕಣೋ,
ದೊರೆ ಕುದುರೆಯ ಲಗಾಮು ಹಿಡಿದು ನಿಲ್ಲಿಸಿ
ಇಳಿ, ಲೆಕ್ಕ ಹೇಳು, ಅಂದವನು.
ಕುದುರೆ ಒಂದು ಸಲ ಬಿಳಿ, ಒಂದು ಸಲ ಕಂದು,
ಲಗಾಮು ಹಿಡಿದ ಕೈ ಮಾತ್ರ ಯಾವಾಗಲೂ ಎಡಗೈ.

ಹಿರಿಯಣ್ಣಗೌಡ ಮೇಷ್ಟ್ರು ತಾಲ್ಲೂಕಿನ ಚರಿತ್ರೆ ಬರೆದಿದ್ದಾರೆ,
ನಾನೇ ಟೈಪು ಮಾಡಿಕೊಟ್ಟೆ, ನೂರ ಹನ್ನೆರಡು ಪುಟ.
‘ದಿಟ್ಟು ಎಂಬುದು ಪಾಳೆಯಗಾರರು ಕೊಟ್ಟ ಬಿರುದು ಇದ್ದೀತು.’
ಆ ‘ಇದ್ದೀತು’ ಎಂಬ ಮುಕ್ಕಾಲಿಯ ಮೇಲೆ
ಹನ್ನೊಂದು ವರ್ಷ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ.

ಮೊನ್ನೆ ಮಗಳ ಅರ್ಜಿಗೆ ವಂಶವೃಕ್ಷ ಬೇಕಾಯಿತು.
ಊರಿಗೆಲ್ಲ ಮರ ನೆಟ್ಟ ಬೆರಳು
ನಮ್ಮ ಮರದ ಮೂರನೇ ಕೊಂಬೆಗೇ ನಿಂತಿತು.
ಹುಡುಕಿಕೊಂಡು ಹೋದೆ.

ಶಾಲೆಯ ದಾಖಲಾತಿ, ಐವತ್ತೆಂಟು: ದಿಟ್ಟು,
ಹೆಡ್ಮಾಸ್ತರರ ಅವರೆಕಾಳಿನಂಥ ದುಂಡಕ್ಷರ.
ತೋಟದ ಆಸ್ಪತ್ರೆ ಪುಸ್ತಕ, ಮೂವತ್ತೊಂದು, ಇಂಗ್ಲಿಷು: ಡೀಟೋ.
ಚಳಿಜ್ವರ, ಕ್ವಿನೈನ್ ಎರಡು ಹೊತ್ತು.
ಹದಿನೇಳರ ಪಟ್ಟಿ: ಡಿಟ್ಟೋ ಬೈರ,
ಎರಡು ಟೀಗೂ ಸೇರಿ ಒಂದೇ ಅಡ್ಡಗೆರೆ.

ಅದಕ್ಕೂ ಹಿಂದಿನದು ಬೇಕೆಂದಾಗ ಬೆನೆಡಿಕ್ಟ್ ರೈಟ್ರು
ಬೀರುವಿಗೆ ಮೂರು ಸಲ ಒದ್ದು ಬಾಗಿಲು ತೆಗೆದರು.
ಸಾವಿರದ ಒಂಬೈನೂರ ಏಳು. ಮುಂಗಡ ಪಡೆದ ಆಳುಗಳ ಪುಸ್ತಕ.
ಕುಂಬಳಬಳ್ಳಿಯ ಕುಡಿಯ ಹಾಗೆ ಸುತ್ತಿಕೊಂಡ ಇಂಗ್ಲಿಷು.
ಸಾಲು ನಲವತ್ತೊಂದು: ಬೈರ.
ತಂದೆ, ಡಿಟ್ಟೊ.
ಊರು, ಡಿಟ್ಟೊ.
ಜಾತಿ, ಡಿಟ್ಟೊ.

ನಲವತ್ತರಲ್ಲೂ ಅದೇ. ಮೂವತ್ತೊಂಬತ್ತರಲ್ಲೂ.
ಬೆರಳು ಏಣಿ ಹತ್ತುತ್ತ ಹಾಳೆಯ ನೆತ್ತಿ ಮುಟ್ಟಿತು,
ಅಲ್ಲೂ ಡಿಟ್ಟೊ.
ಅದರ ಹಿಂದಿನ ಹಾಳೆ ಇಲ್ಲ,
ಹೊಲಿಗೆಯಲ್ಲಿ ಒಂದಿಷ್ಟು ನಾರು.

ಮೇಲಿನ ಹಾಗೇ ಅಂತ ಅರ್ಥ, ಅಂದರು ರೈಟ್ರು ಮೆಲ್ಲಗೆ.
ನೀವು ಟೈಪು ಮಾಡ್ತೀರಲ್ಲ, ಸದರಿ ಅಂತ, ಅದೇ.

ಸದರಿ ಆಸಾಮಿ, ಸದರಿ ಜಮೀನು, ಸದರಿ ಮೃತನ ಸದರಿ ಹೆಂಡತಿ.
ಎಷ್ಟು ಜನರನ್ನು ಹಾಗೆ ದಾಟಿ ಬಂದಿದ್ದೇನೆ
ಈ ಎರಡು ಬೆರಳಲ್ಲಿ.
ನಗು ಬಂತು. ರೈಟ್ರು ನೀರು ಕೊಟ್ಟರು.

ಯಾವನೋ ಗುಮಾಸ್ತ, ಊಟದ ಹೊತ್ತಿಗೆ ಮೊದಲು ಮುಗಿಸುವ ಆತುರ.
ಅವನ ನಂತರದವನು ನಕಲು ಮಾಡುವಾಗ
ಆ ಆತುರವನ್ನೇ ಹೆಸರೆಂದು ಓದಿಕೊಂಡ.

ಪುಸ್ತಕ ಮುಚ್ಚುವ ಮೊದಲು ಕಂಡದ್ದು ಕೊನೆಯ ಎರಡು ಕಾಲಂ.
ಮುಂಗಡ: ಮೂರು ರೂಪಾಯಿ ನಾಲ್ಕಾಣೆ.
ಮೇಲಿನವನಿಗೆ ಮೂರೇ.
ನಾಲ್ಕಾಣೆ ಹೆಚ್ಚು ಕೇಳಿದ್ದಾನೆ ನಮ್ಮಪ್ಪನ ಅಜ್ಜ.
ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು, ಅಂಚಿನಲ್ಲಿ ಮಸಿ ಹರಡಿದೆ,
ನಡುವೆ ಅಡ್ಡಕ್ಕೊಂದು ಕತ್ತಿಗಾಯದ ಗೆರೆ.
ನನ್ನ ಹೆಬ್ಬೆರಳನ್ನು ಪಕ್ಕಕ್ಕೆ ಹಿಡಿದು ನೋಡಿದೆ.
ಏನೂ ಹೋಲಲಿಲ್ಲ.

ತಿದ್ದುಪಡಿಗೆ ಎಪ್ಪತ್ತು ರೂಪಾಯಿ. ಅರ್ಧ ಗಂಟೆಯ ಕೆಲಸ.
ಹಾಳೆ ಸಿಕ್ಕಿಸಿದೆ. ‘ನಾನು, ಈರಯ್ಯ’ ಎಂಬಲ್ಲಿಗೆ ಬಂದೆ.
ಯಾರೋ ಪಹಣಿ ಹಿಡಿದು ನಿಂತರು, ಹಾಳೆ ತೆಗೆದೆ.

ಸಂಜೆ ಎಲ್ಲ ಹೇಳಿದೆ ಅತ್ತೆಗೆ. ಎಲೆಯಡಿಕೆ ಜಗಿಯುತ್ತ ಕೇಳಿದಳು.
ಕುದ್ರೆ ಇತ್ತೇನೋ ಅದ್ರಲ್ಲಿ?
ಇಲ್ಲ ಅತ್ತೆ.
ಹಂಗಾರೆ ಪೂರ್ತಿ ಬರ್ದಿಲ್ಲ ಬಿಡು, ಅಂದಳು.