ಒತ್ತಿ ಬರೆಯುವ ಕೈ

ಅಂಗಡಿಯ ಬಾಗಿಲಿಗೆ ಮುದ್ರೆ ಹಾಕಿದವಳು ನಾನೇ.
ಮೂರನೆಯ ದಿನವೂ ಜನ ಬಂದು ಅದರೆದುರು ನಿಲ್ಲುತ್ತಾರೆ,
ಕೈಯಲ್ಲಿ ಖಾಲಿ ಚೀಲ,
ಬಂದ ಕಾಲಿಗೆ ತಿರುಗಿ ಹೋಗಲು ನಾಚಿಕೆ.
ಇನ್ನು ಬ್ರೆಡ್ಡಿಗೆ ಸೇತುವೆ ದಾಟಬೇಕು.
ಅಲ್ಲಿ ನಗದು ಕೇಳುತ್ತಾರೆ.

ಒಳಗೆ, ತ್ಸಿಯಾಲಾ ಬಿದ್ದಿದ್ದ ಕಡೆ
ಕೆಂಪು ಹುರುಳಿಯ ಚೀಲ ಒಡೆದು ಚೆಲ್ಲಿದೆ.
ತಕ್ಕಡಿಯ ಎರಡು ಕಿಲೋ ಬಟ್ಟು ಕಾಣೆ.
ನದಿಗೆ ಬಿದ್ದಿರಬೇಕು. ನಮ್ಮ ಕ್ವಿರಿಲಾ
ಮ್ಯಾಂಗನೀಸಿನ ಮಸಿ ಕುಡಿದು ಕುಡಿದು ಕಪ್ಪು,
ಇಳಿದ ಮುಳುಗುಗಾರ
ತನ್ನ ಕೈಯೇ ತನಗೆ ಕಾಣಲಿಲ್ಲ ಅಂತ ಮೇಲೆ ಬಂದ.

ಗಲ್ಲಾದ ಹಣ ಗಲ್ಲಾದಲ್ಲೇ ಇದೆ, ಎಪ್ಪತ್ತೊಂದು ಲರಿ.
ಹೋಗಿರುವುದು ನಿಸಿಯಾ ಪುಸ್ತಕದ ಒಂದೇ ಹಾಳೆ.

ನಿಸಿಯಾ ಅಂದರೆ ಉದ್ರಿ.
ಈ ಕಣಿವೆಯಲ್ಲಿ ಮಕ್ಕಳು
ಅಮ್ಮ ಅನ್ನುವುದರ ಹಿಂದೆಯೇ ಕಲಿಯುವ ಮಾತು.
ಎಂಟು ವರ್ಷದವಳಾಗಿ ನಾನೂ ಈ ಕಟ್ಟೆಗೆ ಗಲ್ಲ ಆನಿಸಿ
"ನಿಸಿಯಾದಲ್ಲಿ ಬರಕೋ" ಅಂದಿದ್ದೇನೆ,
ಸ್ವಲ್ಪ ಜೋರಾಗಿಯೇ, ಜಂಬದಿಂದ,
ಹಣವಿಲ್ಲದೆ ಸಕ್ಕರೆ ಕೊಡಿಸುವ ಮಂತ್ರ ಗೊತ್ತಿದ್ದವಳ ಹಾಗೆ.

ಅವಳು ಹೆಸರು ಬರೆಯುತ್ತಿರಲಿಲ್ಲ.
*ಕುಂಟು ನಾಯಿಯವಳು.*
*ಹಗ್ಗದ ಬಂಡಿ ಓಡಿಸುವವನು.*
*ಮೂಲೆ ಮನೆ, ಸಿಟ್ಟಿನವಳು.*
ಇಡೀ ಬೀದಿ ಹೀಗೆ ಸಾಲಾಗಿ ಕೂತಿದೆ.
ನಲವತ್ತೆರಡನೆಯ ಪುಟದಲ್ಲಿ, *ಪೊಲೀಸಿನವಳ ತಾಯಿ,*
ಹನ್ನೊಂದು ಲರಿ ಬಾಕಿ.
ಅದನ್ನೂ ವರದಿಯಲ್ಲಿ ಸೇರಿಸಿದೆ.
ಪಕ್ಕದಲ್ಲಿ ಕೂತ ಲಶಾ ಕೆಮ್ಮಿದ, ಏನೂ ಅನ್ನಲಿಲ್ಲ.

ಕುತಾಯಿಸಿಯ ಪ್ರಯೋಗಾಲಯ ಐದು ವಾರ ಕೇಳಿತು.
ನಾನು ದೀಪ ಆರಿಸಿ, ಹರಿದ ಹಾಳೆಯ ಕೆಳಗಿನ ಹಾಳೆಗೆ
ಟಾರ್ಚು ಅಡ್ಡಡ್ಡ ಹಿಡಿದೆ.
ಒತ್ತಿ ಬರೆಯುವ ಕೈ ಅವಳದು.
ಬಳ್ಳಿಯ ಕುಡಿಯಂಥ ನಮ್ಮ ದುಂಡು ಅಕ್ಷರ
ಒಂದೊಂದಾಗಿ ನೆರಳು ಕಟ್ಟಿಕೊಂಡು ಎದ್ದವು:

*ಮೂರನೆ ಮಹಡಿ, ಹುಡುಗಿಯ ಅಪ್ಪ.*
*ಬ್ರೆಡ್ಡು ಎರಡು. ಬ್ರೆಡ್ಡು ಎರಡು. ಎಣ್ಣೆ ಅರ್ಧ.*
*ಮೇಣದಬತ್ತಿ. ಬ್ರೆಡ್ಡು.*
*ಗೆರೆ ಪುಸ್ತಕ ಒಂದು, ಹುಡುಗಿಗೆ.*
*ಬ್ರೆಡ್ಡು. ಬ್ರೆಡ್ಡು.*
*ನೂರ ಮೂವತ್ತಾರು.*

ಮುರ್ಮಾನ್ ಬಾಗಿಲು ತೆಗೆದವನೇ ಕೋಟು ತೊಟ್ಟುಕೊಂಡ.
ಎಲ್ಲಿಗೆ ಅಂತ ಕೇಳಲಿಲ್ಲ.
ಒಲೆಯಲ್ಲಿ ಹಾಳೆ ಬೂದಿಯಾಗಿತ್ತು.
ಹುಡುಗಿ ಒಳಗೆ ಗುಣಾಕಾರದ ಲೆಕ್ಕ ಮಾಡುತ್ತಿದ್ದಳು.

ಗಣಿ ಮುರ್ಮಾನನಿಗೆ ನಾಲ್ಕು ತಿಂಗಳ ಕೂಲಿ ಕೊಡಬೇಕು,
ಮುರ್ಮಾನ್ ತ್ಸಿಯಾಲಾಳಿಗೆ,
ತ್ಸಿಯಾಲಾ ಜೆಸ್ತಪೋನಿಯ ಸಗಟು ಸಾಹುಕಾರನಿಗೆ.
ಈ ಸರಪಳಿಯಲ್ಲಿ ನಾನು ಹಿಡಿಯಬಹುದಾದ್ದು
ನಡುವಿನ ಒಬ್ಬನನ್ನು.

"ಅರ್ಧ ತೀರಿಸಿದ್ದೆ," ಅಂದ, "ಈಸ್ಟರಿಗೆ ಮುಂಚೆ.
ಇಲ್ಲ ಅಂದಳು. ಜನರೆದುರು ಅಂದಳು.
ರಾತ್ರಿ ಒಬ್ಬನೇ ಹೋದೆ, ಮಾತಾಡೋಣ ಅಂತ.
ಅವಳು ಮಾತಾಡಲಿಲ್ಲ.
ಪುಸ್ತಕ ತೆಗೆದಳು, ಪೆನ್ನು ತೆಗೆದಳು.
ಇನ್ನೂ ಏನೋ ಸೇರಿಸುತ್ತಿದ್ದಾಳೆ ಅಂದುಕೊಂಡೆ.
ಬಟ್ಟು ಕೈಗೇ ಸಿಗುವ ಹಾಗಿತ್ತು."

ನಾನು ಬರೆದುಕೊಂಡೆ. ಸಹಿ ಹಾಕಿಸಿದೆ.
ಟಾರ್ಚಿನ ಬೆಳಕಲ್ಲಿ ಕಂಡ ಇನ್ನೊಂದನ್ನು ಹೇಳಲಿಲ್ಲ:
ಬ್ರೆಡ್ಡಿನ ಮೇಲಿಂದ, ಎಣ್ಣೆಯ ಮೇಲಿಂದ,
ನೂರ ಮೂವತ್ತಾರರ ಕೊನೆಯವರೆಗೆ
ಓರೆಯಾಗಿ ಎಳೆದ ಒಂದು ಗೆರೆ,
ಅಕ್ಷರಗಳಿಗಿಂತ ಆಳ,
ತುದಿಯಲ್ಲಿ ಥಟ್ಟನೆ ಜಾರಿದ್ದು.

ಸಂದಾಯ ಅಂತಲೋ, ಮನ್ನಾ ಅಂತಲೋ,
ಸಾಕಪ್ಪ ನಿನ್ನ ಸಹವಾಸ ಅಂತಲೋ,
ಗೆರೆಗೆ ಬಾಯಿಲ್ಲ.
ನ್ಯಾಯಾಲಯದಲ್ಲಿ ಯಾರಾದರೂ ಓದಿ ಹೇಳುತ್ತಾರೆ.
ಅವನು ಅಂದು ನನ್ನ ಕಡೆ ನೋಡಬಹುದು.

ಇವತ್ತು ಬೆಳಿಗ್ಗೆ ಕುಂಟು ನಾಯಿಯವಳು ಠಾಣೆಗೆ ಬಂದಳು,
ಕರವಸ್ತ್ರ ಬಿಚ್ಚಿ ಆರು ಲರಿ ಮೇಜಿನ ಮೇಲಿಟ್ಟಳು.
"ನಾನು ಕೊಡಬೇಕಾದ್ದು. ಯಾರಿಗೆ ಕೊಡಲಿ?"
ಲಶಾ ನನ್ನ ಮುಖ ನೋಡಿದ.
ನಮ್ಮ ಅರ್ಜಿಗಳಲ್ಲಿ ಇದಕ್ಕೆ ಕಾಲಂ ಇಲ್ಲ.
ಹೊರಗೆ ನಾಯಿ ಕಾಯುತ್ತಿತ್ತು, ಮೂರು ಕಾಲ ಮೇಲೆ.
ಅವಳ ಹಿಂದೆ ಇನ್ನೂ ಇಬ್ಬರು ನಿಂತಿದ್ದರು.