ಅಳತೆ ಪುಸ್ತಕ

ಗುಂಡಿ ಡಬ್ಬಿ ಹುಡುಕುವಾಗ ಸಿಕ್ಕಿತು, ಮಿಷನ್ನಿನ ಖಾನೆಯಲ್ಲಿ,
ಅಪ್ಪನ ಕೈಬರಹದ ಅಳತೆ ಪುಸ್ತಕ.
ಸೆಲ್ವಮಣಿ, ಕುಲುಮೆ ವಿಭಾಗ. ಎದೆ ನಲವತ್ತೆರಡು.
ಪಕ್ಕದಲ್ಲಿ ಸಣ್ಣಗೆ: ತೋಳು ಸಡಿಲ ಇರಲಿ, ಕಿಡಿ ಹಾರುತ್ತೆ.

ಆಗ ಭದ್ರಾವತಿಗೆ ಮೂರು ಸೈರನ್ನು,
ದಿನಕ್ಕೆ ಮೂರು ಸಲ ಬೆಳಗಾಗುತ್ತಿತ್ತು.
ಬೋನಸ್ಸಿನ ವಾರ ಖಾಕಿ ಥಾನುಗಳನ್ನು ಗೋಡೆಗೊರಗಿಸಿ
ರಾತ್ರಿ ಎರಡರವರೆಗೂ ಅಪ್ಪ ಪೆಡಲು ತುಳಿಯುತ್ತಿದ್ದ.
ಕಾಜ ಹಾಕುತ್ತ ನಾನು ತೂಕಡಿಸಿದರೆ
ಸೂಜಿಯೇ ಎಬ್ಬಿಸುತ್ತಿತ್ತು.

ಕಾಗದದ ಮಿಲ್ಲಿನವರಿಗಿಂತ ಮೊದಲು ಅವರ ವಾಸನೆ ಬರುತ್ತಿತ್ತು,
ಬೆಂದ ಬಿದಿರಿನದು. ಇಸ್ತ್ರಿ ಎಳೆದರೂ ಹೋಗದು.
ಅವರ ಅಂಗಿಗೆ ಎರಡು ಜೇಬು, ಒಂದರಲ್ಲಿ ಪೆನ್ನಿಗೆ ಸೀಳು.
ಹೆಣ್ಣು ಕೊಡುವವರು ಆ ಸೀಳು ನೋಡಿಯೇ ಕೊಡುತ್ತಿದ್ದರು.

ಪುಟ ತಿರುವಿದೆ. ಇಲ್ಲಿಂದ ನನ್ನ ಅಕ್ಷರ.
ಅದೇ ಸೆಲ್ವಮಣಿ. ಎದೆ ಮೂವತ್ತೆಂಟು.
ಸ್ವಯಂ ನಿವೃತ್ತಿಯ ದುಡ್ಡು ಮನೆಯ ಮೇಲೆ ತಾರಸಿಯಾಗಿ
ಮಗಳ ಮದುವೆಯಲ್ಲಿ ಊಟವಾಗಿ ಮುಗಿದಿತ್ತು.
ಈಗ ನೀಲಿ ಬಟ್ಟೆ, ಹೆಗಲಿಗೆ ಪಟ್ಟಿ, ಸೀಟಿಗೊಂದು ದಾರ:
ಶಿವಮೊಗ್ಗದಲ್ಲಿ ಎಟಿಎಂ ಕಾಯುವ ಕೆಲಸ.
"ಬಿಗಿಯಾಗೇ ಹೊಲಿ," ಅಂದ.
"ಒಳಗೆ ಏಸಿ. ಕಿಡಿಗಿಡಿ ಏನೂ ಹಾರಲ್ಲ."

ಗಾರ್ಮೆಂಟ್ಸಿನ ಬಸ್ಸು ಏಳಕ್ಕೆ ಅಂಗಡಿ ಎದುರೇ ನಿಲ್ಲುತ್ತೆ.
ನನ್ನ ಹೆಂಡತಿ ಸುಗಂಧಿ ಅದನ್ನೇ ಹತ್ತುತ್ತಾಳೆ.
ನಾನೇ ಹೊಲಿಗೆ ಕಲಿಸಿದ್ದು. ಅಲ್ಲಿ ದಿನವಿಡೀ ಬರೀ ಎಡದೋಳು.
ಬಲದೋಳು ಹೊಲಿಯುವವಳ ಹೆಸರೂ ಗೊತ್ತಿಲ್ಲವಂತೆ.
ಅಂಗಿ ಇಡಿಯಾಗಿ ಕಂಡದ್ದು ಗೇಟಿನ ಪಟದಲ್ಲಿ,
ಒಬ್ಬ ಬಿಳಿಯನ ಮೈಮೇಲೆ.
ಅಂಗಡಿ ಬಾಡಿಗೆ ಮಾತ್ರ ಆ ಎಡದೋಳಿನದೇ.

ನನ್ನಲ್ಲಿಗೆ ಈಗ ಬರೋದು ತಿದ್ದುಪಡಿ: ಜಿಪ್ಪು, ಅಂಚು, ಸೊಂಟ.
ನಿನ್ನೆ ಒಬ್ಬ ಹುಡುಗ, ಬೆನ್ನಿಗೆ ಚೌಕದ ಚೀಲ,
ಗಾಡಿ ಆಫ್ ಮಾಡದೆಯೇ ಟೀಶರ್ಟು ಚಾಚಿದ.
"ಅಣ್ಣಾ, ಎಲ್ಲರಿಗೂ ಒಂದೇ ಸೈಜು ಕಳ್ಸಿದಾರೆ. ಸ್ವಲ್ಪ ಹಿಡಿಸಿ ಕೊಡು."
ಪುಸ್ತಕ ತೆರೆದು ಹೆಸರು ಕೇಳಿದೆ.
"ಬರ್ಕೊಳೋದೆಲ್ಲ ಬೇಡ, ಮುಂದಿನ ತಿಂಗಳು ಬೇರೆ ಕಂಪನಿ, ಬೇರೆ ಬಣ್ಣ."

ಆದರೂ ಟೇಪು ಹಿಡಿದೆ. ಮೂವತ್ತಾರು.
ಉಸಿರು ಬಿಡಪ್ಪಾ, ಅಂದೆ, ಆಗ ಸರಿ ಅಳತೆ ಸಿಗೋದು.
ಬಿಡಲಿಲ್ಲ.
ಜೇಬಿನಲ್ಲಿ ಫೋನು ಕೂಗುತ್ತಿತ್ತು.