ಎರಡು-ನಾಲ್ಕು

ರಾಯಚೂರಿನ ಮೇ. ಹೆಂಗಸರ ವಾರ್ಡಿನ ಫ್ಯಾನು
ಬಿಸಿಯನ್ನೇ ಹೊರಳಿಸಿ ಹೊರಳಿಸಿ ಹಂಚುತ್ತದೆ.
ಹತ್ತನೇ ಮಂಚ. ಖಾಜಾಬಿ, ಅರವತ್ತೆರಡು, ಊರು ಮಾನ್ವಿ,
ವಾಂತಿಭೇದಿ, ಮೂರು ದಿನ.
ನರ ಸಿಗುತ್ತಿಲ್ಲ.

ಒಮ್ಮೆ ಚುಚ್ಚಿದೆ. ಊದಿತು.
ಮತ್ತೊಮ್ಮೆ. ರಕ್ತ ಬರಲಿಲ್ಲ, ನನ್ನ ಬೆವರು ಬಂತು.
"ಹುಲಿಗೆಮ್ಮಾ, ಲ್ಯಾಬಿನ ಬೊಂಬೆಯ ಕೈ ಅಲ್ಲ ಅದು!"
ಸಿಸ್ಟರ್ ಅಂದದ್ದು ಇಪ್ಪತ್ತು ಮಂಚಕ್ಕೂ ಕೇಳಿಸಿತು,
ಊಟದ ಡಬ್ಬಿ ಹಿಡಿದು ನಿಂತವರಿಗೂ.
ಬೆಳಿಗ್ಗೆಯಷ್ಟೇ ಎಸ್ತೇರಮ್ಮ ಬೆಡ್‌ಶೀಟಿನ ಕೋಣೆಯಲ್ಲಿ
ಚಿಲಕ ಹಾಕಿಕೊಂಡು ಅತ್ತಿದ್ದಳು;
ನಾನು ಹೊರಗೆ ನಿಂತು
ಒಗೆದ ದಿಂಬಿನ ಚೀಲ ಎಣಿಸುವಂತೆ ನಟಿಸಿದ್ದೆ.
ಈಗ ಆ ಚಿಲಕವೇ ಕಣ್ಣ ಮುಂದೆ.

ಪುಸ್ತಕದಲ್ಲಿ ಓದಿದ್ದೇನೆ:
ರೋಗಿಯೊಡನೆ ಸೌಹಾರ್ದ ಬೆಳೆಸಿರಿ.
ಐದು ಅಂಕದ ಪ್ರಶ್ನೆ. ಐದೂ ಬಂದಿತ್ತು ನನಗೆ.

ಖಾಜಾಬಿಯ ಮುಷ್ಟಿ ಬಿಗಿದೇ ಇತ್ತು. ಕಣ್ಣು ಮುಚ್ಚಿಯೇ ಅಂದಳು:
"ಯವ್ವಾ, ನಾ ಬಳಿಗಾರ್ತಿ. ನಲವತ್ತು ವರ್ಷ ಸಂತಿ ಸಂತಿ ತಿರುಗೀನಿ.
ಇಡೋವಾಗ ಒಡೆದ ಬಳಿಗೆ ರೊಕ್ಕ ಕೇಳಾಂಗಿಲ್ಲ,
ಅದು ನನ್ನ ಲುಕ್ಸಾನು.
ನಿಂದೂ ಎರಡು ಒಡದಾವು, ಹೋಗ್ಲಿ ಬಿಡು.
ಕೈ ನೋಡ್ತಾ ಕುಂದ್ರಬ್ಯಾಡ. ಮಾರಿ ನೋಡು.
ತವರು ಯಾವೂರು ಅಂತ ಕೇಳು.
ಹೇಳಾಕ ಹತ್ತಿದಳಂದ್ರ ಕೈ ತಾನ ಮೆತ್ತಗಾಗ್ತೈತಿ,
ಆವಾಗ ಸರಿಸಿಬಿಡಬೇಕು."

ದನಿ ಒಡೆಯಿತು, ಆದರೂ ಕೇಳಿದೆ:
"ನಿನ್ನ ತವರು ಯಾವೂರಬೇ?"

ಕಣ್ಣು ತೆರೆದಳು.
ಊರೂರ ಸೊಸೆಯಂದಿರ ತವರು ಕೇಳಿದವಳಿಗೆ
ಅವಳದನ್ನು ಯಾರೂ ಕೇಳಿರಲಿಲ್ಲವೇನೋ.
"ಮುದಗಲ್ಲು" ಅಂದಳು. ಕೋಟೆ ಅಗಸಿಯ ಬಲಕ್ಕೆ, ಬೇವಿನ ಗಿಡ,
ತಮ್ಮ ಒಬ್ಬ, ಆಡಿನ ಹಿಂದೆ ಹೋದವನು,
ಸಂಜೆ ಎಷ್ಟು ಹೊತ್ತಾದರೂ...
ಮಾತು ಅಲ್ಲೇ ನಿಂತಿತು.
ಮುಷ್ಟಿ ಬಿಚ್ಚಿತ್ತು. ಹೆಬ್ಬೆರಳ ಬುಡದಲ್ಲಿ
ಒಂದು ತೆಳ್ಳನೆ ನೀಲಿ.
ನೂಲಿನಷ್ಟು ರಕ್ತ ಸೂಜಿಯ ಹಿಂದಕ್ಕೆ ಹರಿದು ಬಂತು.

ಟೇಪು ಹಚ್ಚುವಾಗ ನನ್ನ ಕೈ ಹಿಡಿದಳು,
ಡ್ಯೂಟಿಯಲ್ಲಿ ಬಳೆ ತೊಡುವಂತಿಲ್ಲದ ಬೋಳು ಕೈ.
ಗೆಣ್ಣು ಒತ್ತಿ ನೋಡಿ
"ಎರಡು-ನಾಲ್ಕು" ಅಂದಳು, ನಿದ್ದೆಗೆ ಜಾರುತ್ತಾ.

ಮಧ್ಯಾಹ್ನ ಲಾಗ್‌ಬುಕ್ಕಿಗೆ ಸಹಿ ಬಿತ್ತು.
ಸಂವಹನ ಕೌಶಲ: ಹತ್ತಕ್ಕೆ ಆರು.
ಷರಾ: ರೋಗಿಯ ಜೊತೆ ಮಾತು ಹೆಚ್ಚು.

ಆ ತಮ್ಮ ಮನೆಗೆ ಬಂದನೋ ಇಲ್ಲವೋ
ನಾಳೆ ಕೇಳಬೇಕು.
ಅದಕ್ಕೂ ಮೊದಲು, ರಾತ್ರಿ, ಹಾಸ್ಟೆಲಿನಲ್ಲಿ
ಎಸ್ತೇರಮ್ಮನನ್ನು.